ಅಯಸ್ಕಾಂತಕ್ಕೆ ಅಂಟದ ಫಿಯೆಟ್

ಹಳೆಯ ಫಿಯೆಟ್ ಕೊಳ್ಳಲು ಹೊರಟವರ ಜೇಬಿನಲ್ಲಿ ದುಡ್ಡಿಗಿಂತ ಮೊದಲು ಇರಬೇಕಾದದ್ದು ಒಂದು ಅಯಸ್ಕಾಂತ. ತೆಳು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಬೇಕು. ಇಲ್ಲದಿದ್ದರೆ ಮಾರುವವರ ಬಣ್ಣಕ್ಕೆ ಗೀರು ಬಿದ್ದು ಅಲ್ಲೇ ಜಗಳ. ಬಾನೆಟ್ ಮೇಲಿಟ್ಟರೆ ಟಕ್ಕನೆ ಕಚ್ಚಿಕೊಳ್ಳುತ್ತದೆ. ಬಾಗಿಲಿನ ಮೇಲ್ಭಾಗದಲ್ಲೂ ಕಚ್ಚುತ್ತದೆ. ಹಾಗೇ ಕೆಳಗೆ ಜಾರಿಸುತ್ತ ಬನ್ನಿ. ಬಾಗಿಲಿನ ಕೆಳಅಂಚು, ಮಡ್‌ಗಾರ್ಡಿನ ಹಿಂಬದಿ, ಚಕ್ರದ ಕಮಾನು. ಎಲ್ಲಿ ಕೈ ಸಡಿಲಿಸಿದೊಡನೆ ಅಯಸ್ಕಾಂತ ನೆಲಕ್ಕೆ ಬೀಳುತ್ತದೋ ಅಲ್ಲಿ ಬಣ್ಣದ ಕೆಳಗೆ ತಗಡಿಲ್ಲ, ಪುಟ್ಟಿ ಇದೆ.

ಪುಟ್ಟಿ ಹಚ್ಚುವುದೇ ತಪ್ಪೆಂದಲ್ಲ. ಸುತ್ತಿಗೆ ಎಷ್ಟೇ ಪಳಗಿದ ಕೈಯಲ್ಲಿದ್ದರೂ ಕೊನೆಗೆ ಕೂದಲೆಳೆಯಷ್ಟು ತಗ್ಗು ಉಳಿಯುತ್ತದೆ, ಅದನ್ನು ತುಂಬಲು ಪುಟ್ಟಿ ಬೇಕು. ಆದರೆ ನಮ್ಮ ಹಳೆಯ ಕಾರುಗಳಲ್ಲಿ ಸಿಗುವುದು ಆ ಪುಟ್ಟಿಯಲ್ಲ. ಪ್ರತಿ ಸಲ ಎಫ್‌ಸಿ ಹತ್ತಿರ ಬಂದಾಗ ತುಕ್ಕು ತಿಂದ ತೂತಿಗೆ ಗೋಣಿಚೂರನ್ನೋ ಹಳೆಯ ಪೇಪರನ್ನೋ ತುರುಕಿ, ಮೇಲೆ ಬಳಿದು, ಉಜ್ಜಿ, ಬಣ್ಣ ಹೊಡೆದು ದಾಟಿಸಿದ ಪುಟ್ಟಿ. ಅಂಥ ಕಾರು ಮಾರುಕಟ್ಟೆಯಲ್ಲಿ ಫಳಫಳ ಹೊಳೆಯುತ್ತಿರುತ್ತದೆ. ಬಣ್ಣ ಕಿತ್ತರೆ ಹಿಡಿಯಲು ಅಂಚೇ ಸಿಗುವುದಿಲ್ಲ.

ಅದಕ್ಕೇ ಹಳೆ ಕಾರು ಕಟ್ಟುವ ವಿದ್ಯೆ ಬಲ್ಲವರು ಹೊಳೆಯುವ ಕಾರಿಗಿಂತ ಧೂಳು ಹಿಡಿದು ಕೂತ ಕಾರನ್ನು ಹುಡುಕುತ್ತಾರೆ. ಬಣ್ಣ ಮಾಸಿರಲಿ, ಸೀಟು ಹರಿದಿರಲಿ, ಎಂಜಿನ್ ಜಾಮ್ ಆಗಿರಲಿ. ತಗಡು ಗಟ್ಟಿ ಇರಬೇಕು. ಕರ್ನಾಟಕದ ಭೂಗೋಳ ಇಲ್ಲಿ ಬೆಲೆ ಕಟ್ಟುತ್ತದೆ. ಬಳ್ಳಾರಿ, ವಿಜಯಪುರ, ಕಲಬುರಗಿಯ ಒಣಹವೆಯಲ್ಲಿ ಮೂವತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತ ಕಾರಿನ ರಬ್ಬರೆಲ್ಲ ಪುಡಿಯಾಗಿರುತ್ತದೆ, ತಗಡು ಮಾತ್ರ ಉಳಿದಿರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ ಮತ್ತು ಮಳೆಯಲ್ಲಿ ಅದೇ ಕಾರು ಹತ್ತು ವರ್ಷ ನಿಂತರೆ ರಬ್ಬರ್ ಉಳಿಯಬಹುದು, ಅದು ಕೂರಲು ಅಂಚು ಉಳಿಯುವುದಿಲ್ಲ.

ಫಿಯೆಟ್‌ನ ವಿಷಯದಲ್ಲಿ ತುಕ್ಕು ಬರೀ ಅಂದದ ಪ್ರಶ್ನೆಯೂ ಅಲ್ಲ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಬೇರೆಯೇ ಚಾಸಿ ಇತ್ತು; ಬಾಡಿಯನ್ನು ಬೋಲ್ಟ್ ಬಿಚ್ಚಿ ಎತ್ತಿ ಪಕ್ಕಕ್ಕಿಡಬಹುದು. ಫಿಯೆಟ್ 1100, ಆಮೇಲೆ ಅದೇ ಪ್ರೀಮಿಯರ್ ಪದ್ಮಿನಿ ಆದದ್ದು, ಹಾಗಲ್ಲ. ಚಾಸಿ ಎಂಬ ಪ್ರತ್ಯೇಕ ಅಸ್ಥಿಪಂಜರ ಅದಕ್ಕಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಕಂಬ, ಚಾವಣಿ ಎಲ್ಲ ಬೆಸೆದು ಒಂದೇ ಡಬ್ಬ. ಒಂಬೈನೂರು ಕಿಲೋ ಆಸುಪಾಸಿನ ಭಾರವನ್ನು ಆ ಡಬ್ಬವೇ ಹೊರಬೇಕು. ಬಾಗಿಲ ಕೆಳಗಿನ ಪಟ್ಟಿ ಕೊಳೆತರೆ ಕಾರು ನಡುವಿನಲ್ಲಿ ಜಗ್ಗುತ್ತದೆ. ಪರೀಕ್ಷೆ ಸುಲಭ: ಜಾಕ್ ಕೊಟ್ಟು ಒಂದು ಬದಿ ಎತ್ತಿ, ಬಾಗಿಲು ತೆಗೆದು ಮತ್ತೆ ಹಾಕಿ. ಬಾಗಿಲು ಬೀಗಕ್ಕೆ ಸರಿಯಾಗಿ ಕೂರದಿದ್ದರೆ ಚೌಕಾಸಿ ಮಾಡುತ್ತ ನಿಲ್ಲಬೇಡಿ, ಹೊರಡಿ.

ಬೆಂಗಳೂರಿನಲ್ಲಿ ಹುಟ್ಟಬೇಕಿದ್ದ ಕಾರಖಾನೆ

ಪದ್ಮಿನಿಯ ಕತೆಯ ಆರಂಭ ಮುಂಬೈಯದಲ್ಲ, ಮೈಸೂರು ಸಂಸ್ಥಾನದ್ದು ಎಂದರೆ ಅತಿಶಯವಾಗದು. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಿಶ್ವೇಶ್ವರಯ್ಯನವರು ಯುರೋಪ್, ಅಮೆರಿಕಗಳ ಮೋಟಾರು ಕಾರಖಾನೆಗಳನ್ನು ನೋಡಿಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯನ್ನು ಅಂಕಿಸಂಖ್ಯೆ ಸಮೇತ ಬರೆದಿಟ್ಟರು. ಅದನ್ನು ಕೈಗೆತ್ತಿಕೊಂಡವರು ಸೊಲ್ಲಾಪುರ ಮೂಲದ ಉದ್ಯಮಿ ವಾಲಚಂದ್ ಹೀರಾಚಂದ್. ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಜಾಗ ಕೊಡಲು, ನೆರವಾಗಲು ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧಕಾಲದಲ್ಲಿ ಕಾರು ಅಗತ್ಯ ವಸ್ತುವಲ್ಲ ಎಂಬ ನೆಪವೂ ಸಿಕ್ಕಿತು. ಇದೇ ವಾಲಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರಖಾನೆ ತೆರೆದರು, ಅದು ಇಂದಿನ ಎಚ್‌ಎಎಲ್. ವಿಮಾನಕ್ಕೆ ಒಪ್ಪಿಗೆ, ಕಾರಿಗೆ ಇಲ್ಲ! ಯುದ್ಧ ನಡೆಸುವವರಿಗೆ ಯಾವುದು ಬೇಕೋ ಅದಕ್ಕೆ ದಾರಿ ಸುಗಮವಾಯಿತು ಅಷ್ಟೆ.

ಕಾರಿನ ಕನಸು ಮುಂಬೈಗೆ ಹೋಯಿತು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು, ಕುರ್ಲಾದಲ್ಲಿ ಕಾರಖಾನೆ ಎದ್ದಿತು. ಮೊದಲು ಅಮೆರಿಕದ ಕ್ರೈಸ್ಲರ್ ಜತೆ ಒಪ್ಪಂದ, ಡಾಜ್, ಪ್ಲಿಮತ್‌ಗಳ ಜೋಡಣೆ. ಆಮೇಲೆ ಇಟಲಿಯ ಫಿಯೆಟ್. ಆ ಕಂಪನಿ 1953ರಲ್ಲಿ ತಂದ 1100 ಮಾದರಿ ಮರುವರ್ಷವೇ ಕುರ್ಲಾದಿಂದ ಹೊರಬೀಳತೊಡಗಿತು. ಎಲಿಗಂಟ್, ಸೆಲೆಕ್ಟ್, ಸೂಪರ್ ಸೆಲೆಕ್ಟ್, ಡಿಲೈಟ್ ಎಂದು ಹೆಸರು ಬದಲಾಗುತ್ತ ಹೋಯಿತು. ಆರಂಭದ ವರ್ಷಗಳ ಕಾರುಗಳ ಮುಂಬಾಗಿಲಿನ ಕೀಲು ಹಿಂದಿತ್ತು, ಬಾಗಿಲು ಉಲ್ಟಾ ತೆರೆಯುತ್ತಿತ್ತು. ಉಬ್ಬಿದ ಮೂತಿಯ ಆ ಕಾರನ್ನು ಮುಂಬೈಯವರು ‘ಡುಕ್ಕರ್ ಫಿಯೆಟ್’ ಎಂದರು, ಹಂದಿ ಫಿಯೆಟ್. ಈಗ ಅದೇ ಹಂದಿಗೆ ಪದ್ಮಿನಿಗಿಂತ ಹೆಚ್ಚು ಬೆಲೆ. 1970ರ ದಶಕದ ಮೊದಲ ವರ್ಷಗಳಲ್ಲಿ ಫಿಯೆಟ್ ಎಂಬ ಹೆಸರು ಬಿಟ್ಟುಹೋಗಿ ಸ್ವಲ್ಪ ಕಾಲ ಪ್ರೆಸಿಡೆಂಟ್ ಆಗಿ, ಬಳಿಕ ಪದ್ಮಿನಿ ಆಯಿತು. ಇಟಲಿಯಲ್ಲಿ 1100ರ ತಯಾರಿ 1969ಕ್ಕೇ ನಿಂತಿತ್ತು. ನಮ್ಮಲ್ಲಿ ಆ ಶತಮಾನ ಮುಗಿಯುವವರೆಗೂ ನಡೆಯಿತು.

ಒಂದೇ ಕಾರನ್ನು ಇಷ್ಟು ವರ್ಷ ತಯಾರಿಸಿದ್ದಕ್ಕೆ ನಾವು ಬೈದದ್ದೂ ಉಂಟು, ವರ್ಷಗಟ್ಟಲೆ ಕಾಯ್ದು ಕೊಂಡದ್ದೂ ಉಂಟು. ಹಳೆ ಕಾರು ಕಟ್ಟುವವರಿಗೆ ಮಾತ್ರ ಆ ಜಡತ್ವವೇ ವರ. 1960ರ ದಶಕದ ಡಿಲೈಟ್‌ಗೆ 1990ರ ದಶಕದ ಪದ್ಮಿನಿಯ ಎಷ್ಟೋ ಸಾಮಾನು ನೇರವಾಗಿ ಕೂರುತ್ತದೆ. ಜತೆಗೆ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಿದ್ದವು. ಅವು ಓಡುವವರೆಗೆ ಯಾರಾದರೊಬ್ಬರು ಕ್ಲಚ್ ಪ್ಲೇಟು, ವಾಟರ್ ಪಂಪು, ಬ್ರೇಕ್ ಸಿಲಿಂಡರು ತಯಾರಿಸುತ್ತಲೇ ಇರುತ್ತಿದ್ದರು. ಕೊನೆಯ ಪದ್ಮಿನಿ ಟ್ಯಾಕ್ಸಿ ಅಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ ಕೊನೆಗೆ ಅವು ಬೀದಿಯಿಂದ ಮರೆಯಾದವು. ಪತ್ರಿಕೆಗಳು ಅದನ್ನು ನೆನಪಿನ ಕತೆಯಾಗಿ ಬರೆದವು. ಸ್ಪೇರ್ ಹುಡುಕುವವರಿಗೆ ಅದು ಅಂಗಡಿ ಬಾಗಿಲು ಹಾಕಿದ ಸುದ್ದಿ.

ಜೆ.ಸಿ. ರಸ್ತೆಯಿಂದ ಗುಜರಿಯವರೆಗೆ

ಬೆಂಗಳೂರಿನಲ್ಲಿ ಹುಡುಕಾಟ ಶುರುವಾಗುವುದು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ, ಮುಗಿಯುವುದು ಶಿವಾಜಿನಗರದ ಗುಜರಿಯಲ್ಲಿ. ಹಳೆಯ ಅಂಗಡಿಯ ಕಪಾಟಿನ ಮೇಲ್ಗಡೆ, ಯಾರೂ ಕೇಳದ ಸಾಮಾನಿನ ನಡುವೆ, ಎಣ್ಣೆಕಾಗದ ಸುತ್ತಿದ ಒಂದು ಡಿಸ್ಟ್ರಿಬ್ಯೂಟರ್ ಕ್ಯಾಪ್ ಸಿಕ್ಕರೆ ಅದು ಹಬ್ಬ. ಕಂಪನಿಯ ಕಾಲದಲ್ಲೇ ತಯಾರಾಗಿ ಬಿಕರಿಯಾಗದೆ ಉಳಿದ ಮಾಲು ಈಗಿನ ನಕಲಿಗಿಂತ ಎಷ್ಟೋ ಗಟ್ಟಿ. ರಬ್ಬರ್ ಮಾತ್ರ ಇದಕ್ಕೆ ಹೊರತು. ಮೂವತ್ತು ವರ್ಷ ಹಳೆಯ ‘ಹೊಸ’ ಬ್ರೇಕ್ ವಾಷರನ್ನು ಹಾಕಿಕೊಂಡು ಘಾಟಿ ಇಳಿಯುವ ಧೈರ್ಯ ಬೇಡ.

ಸ್ಪೇರ್ ಸಿಗದ ಕಾಲದಲ್ಲಿ ನಮ್ಮ ಮೆಕ್ಯಾನಿಕ್‌ಗಳು ಕೈಕಟ್ಟಿ ಕೂರಲಿಲ್ಲ, ಈ ಲೇಖನದ ವಿಷಯವೇ ಅದು. ಮೂಲ ಕಾರ್ಬುರೇಟರ್ ಸವೆದಾಗ ಮಾರುತಿಯದು ಬಂತು. ಡೈನಮೊ ಕೈಕೊಟ್ಟಾಗ ಆಲ್ಟರ್ನೇಟರ್ ಬಂತು. ಕೈಕೊಟ್ಟಲ್ಲೆಲ್ಲ ಲೇತ್ ಮೇಲೆ ಹಿತ್ತಾಳೆ ಬುಶ್ ಕಡೆದು ಕೂರಿಸಿದರು. 1985ರಲ್ಲಿ ಪ್ರೀಮಿಯರ್ ಕಂಪನಿಯೇ 118ಎನ್‌ಇ ಎಂಬ ಕಾರಿಗೆ ಜಪಾನಿನ ನಿಸಾನ್ ಮಾದರಿಯ 1171 ಸಿಸಿ ಎಂಜಿನ್ ಇಟ್ಟಿತು. ಆ ಕಾರುಗಳು ಗುಜರಿ ಸೇರಿದ ಮೇಲೆ ಅವುಗಳ ಎಂಜಿನ್ ಪದ್ಮಿನಿಗಳ ಬಾನೆಟ್ ಕೆಳಗೆ ಸೇರಿದವು. ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರನ್ನು ಕಿತ್ತು, ನೆಲಕ್ಕೆ ತೂತು ಕೊರೆದು ಫ್ಲೋರ್ ಗೇರ್ ಮಾಡಿಸಿಕೊಳ್ಳುವುದು ಒಂದು ಕಾಲಕ್ಕೆ ಪ್ರತಿಷ್ಠೆ. ಹೀಗೆ ಐವತ್ತು ವರ್ಷ ಬದುಕಿದ ಭಾರತದ ಕಾರೊಂದನ್ನು ಬಿಚ್ಚಿದರೆ ಕುರ್ಲಾ, ಟ್ಯೂರಿನ್, ಗುರುಗ್ರಾಮ, ಶಿವಾಜಿನಗರ ಎಲ್ಲವೂ ಸಿಗುತ್ತವೆ.

ಇಂಥ ಕಾರನ್ನು ‘ಮೂಲ ಸ್ಥಿತಿಗೆ’ ತರುವುದೆಂದರೆ ಏನು? ಕಾರಖಾನೆಯ ಗೇಟು ದಾಟಿದ ದಿನದ ಸ್ಥಿತಿಗೋ? ಆ ದಿನವೇನೂ ಅಂಥ ಸುದಿನವಾಗಿರಲಿಲ್ಲ ಎಂದು ಆ ಕಾಲದಲ್ಲಿ ಕೊಂಡವರು ಹೇಳುತ್ತಾರೆ. ಹೊಸ ಕಾರಿನ ಬಾಗಿಲು ಸರಿ ಕೂರಿಸಲು ಮೊದಲ ವಾರವೇ ಗ್ಯಾರೇಜಿಗೆ ಹೋದವರಿದ್ದಾರೆ. ಇಂದು ಅದೇ ಬಾಗಿಲ ಸಂದನ್ನು ಮಿಲಿಮೀಟರ್ ಲೆಕ್ಕದಲ್ಲಿ ಸಮ ಮಾಡಿ, ಕನ್ನಡಿಯಂಥ ಬಣ್ಣ ಹೊಡೆದು ‘ಒರಿಜಿನಲ್’ ಎನ್ನುತ್ತೇವೆ. ಕುರ್ಲಾದಲ್ಲಿ ಅಂಥ ಕಾರು ಎಂದೂ ಹುಟ್ಟಿರಲಿಲ್ಲ.

ಟಿಂಕರಿಂಗ್ ಎಂಬ ಕಸುಬು

ಎಂಜಿನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕಾರು ಉಳಿಯುವುದು ಮಾತ್ರ ಟಿಂಕರಿಂಗ್ ಷೆಡ್ಡಿನಲ್ಲಿ. ಬೆಂಗಳೂರಿನ ಹಳೆಯ ಷೆಡ್ಡುಗಳಲ್ಲಿ ಹಿರಿಯ ಕೆಲಸಗಾರರನ್ನು ಉಸ್ತಾದ್ ಎನ್ನುತ್ತಾರೆ, ಬೇರೆ ಕಡೆ ಮೇಸ್ತ್ರಿ. ಕೆಲಸದ ಹತ್ಯಾರು ಕಡಿಮೆ: ಬಗೆಬಗೆಯ ಸುತ್ತಿಗೆ, ಅಂಗೈಯಲ್ಲಿ ಹಿಡಿಯುವ ಉಕ್ಕಿನ ಡಾಲಿ, ಮರದ ಕೊಡತಿ, ಗ್ಯಾಸ್ ಟಾರ್ಚ್. ತಗಡಿನ ಹಿಂದೆ ಡಾಲಿ ಇಟ್ಟು ಮುಂದಿನಿಂದ ಸುತ್ತಿಗೆಯಲ್ಲಿ ತಟ್ಟುವಾಗ ಉಸ್ತಾದರ ಕಣ್ಣು ಎಷ್ಟೋ ಸಲ ಬೇರೆಲ್ಲೋ ಇರುತ್ತದೆ. ಅವರು ಕೇಳಿಸಿಕೊಳ್ಳುತ್ತಿರುತ್ತಾರೆ. ಡಾಲಿ ಸರಿಯಾದ ಜಾಗದಲ್ಲಿದ್ದರೆ ಒಂದು ದನಿ, ತಪ್ಪಿದರೆ ಇನ್ನೊಂದು.

ಕೊಳೆತ ಭಾಗ ಕತ್ತರಿಸುವ ಮುನ್ನ ಒಳಗೆ ಕಂಬದಿಂದ ಕಂಬಕ್ಕೆ ಆ್ಯಂಗಲ್ ಬೆಸೆಯಬೇಕು. ಇದನ್ನು ಮಾಡದೆ ನೆಲದ ತಗಡು ಕತ್ತರಿಸಿದ ಕಾರು ಅರಿವಾಗದಂತೆ ಅರ್ಧ ಇಂಚು ಬಾಗಿಬಿಡುತ್ತದೆ, ಬಾಗಿದ ಸ್ಥಿತಿಯಲ್ಲೇ ಹೊಸ ತಗಡು ಬೆಸೆಯಲಾಗುತ್ತದೆ, ಮುಂದೆ ಯಾವ ಜನ್ಮದಲ್ಲೂ ಮುಂದಿನ ಗಾಜು ಚೌಕಟ್ಟಿಗೆ ಕೂರುವುದಿಲ್ಲ. ಒಂದು ಬದಿ ಮುಗಿಸಿ ಇನ್ನೊಂದು ಬದಿ ಮುಟ್ಟಬೇಕು. ಆತುರದವರು ಎರಡನ್ನೂ ಒಟ್ಟಿಗೆ ಬಿಚ್ಚುತ್ತಾರೆ.

ಬೆಸುಗೆಯ ಶಾಖಕ್ಕೆ ತೆಳು ತಗಡು ಹಪ್ಪಳದಂತೆ ಉಬ್ಬುತ್ತದೆ. ಉಬ್ಬಿದ ತಗಡನ್ನು ಮತ್ತೆ ಕುಗ್ಗಿಸುವ ವಿದ್ಯೆಯನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಉಬ್ಬಿನ ನೆತ್ತಿಯಲ್ಲಿ ಕಾಸಗಲ ಜಾಗವನ್ನು ಕೆಂಪಗೆ ಕಾಯಿಸುತ್ತಾರೆ. ಅದು ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಹಾಗಾಗಿ ಅಲ್ಲೇ ದಪ್ಪಗಾಗುತ್ತದೆ. ತಕ್ಷಣ ಎರಡು ಪೆಟ್ಟು, ಮೇಲೆ ಒದ್ದೆ ಬಟ್ಟೆ. ಚುಸ್ಸೆಂದು ಆರಿದಾಗ ಅದು ಮೊದಲಿಗಿಂತ ಕುಗ್ಗಿ ಸುತ್ತಲಿನ ತಗಡನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಹೀಗೆ ಚುಕ್ಕೆ ಚುಕ್ಕೆಯಾಗಿ ಎಳೆದು ಇಡೀ ಬಾನೆಟನ್ನು ನೇರ ಮಾಡುವವರಿದ್ದಾರೆ. ಯಾವ ಐಟಿಐ ಪುಸ್ತಕದಿಂದಲೂ ಇದು ಪೂರ್ತಿ ಬಾರದು. ಷೆಡ್ಡಿಗೆ ಹುಡುಗರು ಬರುವುದು ಕಡಿಮೆಯಾಗಿದೆ. ಈಗಿನ ಕಾರಿನ ಬಾಗಿಲು ತಗ್ಗಿದರೆ ಹೊಸ ಬಾಗಿಲನ್ನೇ ಹಾಕುತ್ತಾರೆ, ತಟ್ಟುವ ಕೈ ಯಾರಿಗೆ ಬೇಕು?

ಬಣ್ಣ ಕೀಳುವಾಗಲೂ ಅಪಾಯವಿದೆ. ಮರಳು ಚಿಮ್ಮಿಸಿ ಕಿತ್ತರೆ ಕೆಲಸ ಬೇಗ, ಆದರೆ ಬಾನೆಟ್, ಚಾವಣಿಯಂಥ ಅಗಲ ತಗಡು ಆ ಹೊಡೆತಕ್ಕೆ ಅಲೆಯಲೆಯಾಗುತ್ತದೆ. ಎಮರಿ ಪೇಪರ್ ಹಿಡಿದು ಕೈಯಲ್ಲೇ ಉಜ್ಜುವುದಾದರೆ ಒಂದು ಲಾಭ ಉಂಟು. ನೀರು ಹಾಕಿ ಒಂದು ಕಡೆ ದುಂಡಗೆ ಉಜ್ಜಿದರೆ ಕಾರಿನ ಬಣ್ಣಗಳೆಲ್ಲ ಒಂದರ ಸುತ್ತ ಒಂದು ಬಳೆಯಾಗಿ ಕಾಣುತ್ತವೆ. ಹೊರಗೆ ಈಗಿನ ಬಿಳಿ, ಅದರೊಳಗೆ ಯಾರದೋ ಮದುವೆಗೆ ಹೊಡೆಸಿದ ಕೆಂಪು, ಅದರೊಳಗೆ ಹಸಿರು, ತೀರ ನಡುವೆ ಕಾರಖಾನೆಯ ಬೂದುನೀಲಿ. ಆರ್‌ಸಿ ಬುಕ್ಕಿನಲ್ಲಿ ಬರೆದ ಬಣ್ಣಕ್ಕೂ ಇದಕ್ಕೂ ತಾಳೆಯಾದರೆ ಸರಿ. ಇಲ್ಲದಿದ್ದರೆ ಆರ್‌ಟಿಒ ಕಚೇರಿಗೊಂದು ಸುತ್ತು ಇದ್ದೇ ಇದೆ.

ಹಳೆಯ ಕಾರುಗಳಿಗೆ ಹೊಡೆಯುತ್ತಿದ್ದುದು ನೈಟ್ರೊಸೆಲ್ಯುಲೋಸ್ ಬಣ್ಣ. ಪೇಂಟರುಗಳ ಬಾಯಲ್ಲಿ ಎನ್‌ಸಿ, ಡ್ಯೂಕೊ. ಹತ್ತಾರು ತೆಳು ಕೋಟು, ಪ್ರತಿ ಕೋಟಿಗೂ ಉಜ್ಜು, ಕೊನೆಗೆ ಕಾಂಪೌಂಡ್ ಹಾಕಿ ಪಾಲಿಶ್. ಈಗಿನ ಪಿಯು (ಪಾಲಿಯುರೆಥೇನ್) ಬಣ್ಣ ಎರಡೇ ದಿನದಲ್ಲಿ ಮುಗಿದು ವರ್ಷಗಟ್ಟಲೆ ಹೊಳೆಯುತ್ತದೆ. ವ್ಯವಹಾರ ಬುದ್ಧಿ ಪಿಯು ಅನ್ನುತ್ತದೆ. ಆದರೂ ಹಳೆಯ ಕಾರಿಗೆ ಆ ಹೊಳಪು ಸ್ವಲ್ಪ ಜಾಸ್ತಿಯೇ; ಹೊಳಪು ಇಳಿಸಿ ಹೊಡೆಯುವಂತೆ ಪೇಂಟರಿಗೆ ಹೇಳಿದರೆ ಅವರು ನಿಮ್ಮನ್ನು ಅನುಮಾನದಿಂದ ನೋಡುತ್ತಾರೆ, ಹೇಳಿ ನೋಡಿ.

ಕ್ರೋಮಿನ ವಿಷಯ ಬೇಗ ಮುಗಿಸುತ್ತೇನೆ. ಬಂಪರ್ ಉಕ್ಕಿನದು, ತಾಮ್ರ, ನಿಕಲ್, ಮೇಲೆ ಕ್ರೋಮ್ ಎಂದು ಮೂರು ಲೇಪ ಕೊಟ್ಟರೆ ಮತ್ತೆ ಬರುತ್ತದೆ. ಸತುವನ್ನು ಅಚ್ಚಿನಲ್ಲಿ ಎರಕ ಹೊಯ್ದು ಮಾಡಿದ ಹಿಡಿಕೆ, ಲಾಂಛನಗಳು ಒಳಗಿನಿಂದಲೇ ಗುಳ್ಳೆಯೇಳುತ್ತವೆ. ಅವನ್ನು ಉಜ್ಜಿದಷ್ಟೂ ಹಾಳು. ಒಳ್ಳೆಯದೊಂದು ಸಿಗುವವರೆಗೆ ಇದ್ದದ್ದನ್ನೇ ಒರೆಸಿ ಇಟ್ಟುಕೊಳ್ಳಿ.

ಎಂಜಿನ್ ಎಂಬ ಸರಳ ಪ್ರಾಣಿ

ಇಷ್ಟರ ಮುಂದೆ ಎಂಜಿನ್ ಕೆಲಸ ನಿಜಕ್ಕೂ ಸುಲಭ. ನಾಲ್ಕು ಸಿಲಿಂಡರು, 68 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ಒಟ್ಟು 1089 ಸಿಸಿ. ಪದ್ಮಿನಿಯಲ್ಲಿ ಇದರ ಬಲ ನಲವತ್ತು ಅಶ್ವಶಕ್ತಿಯ ಸುಮಾರು, ಈಗಿನ ಸಣ್ಣ ಕಾರುಗಳಿಗಿಂತ ಕಡಿಮೆ. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಈ ಜೋಡಿಯೇ ಅದರ ಗುಣ, ಅದೇ ದೋಷ. ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಒಮ್ಮೆ ಕಾದುಬಿಟ್ಟರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಎಣ್ಣೆಯಲ್ಲಿ ನೀರು ಬೆರೆತು ಡಿಪ್‌ಸ್ಟಿಕ್ ಮೇಲೆ ಬಿಳಿ ನೊರೆ ಕಾಣುತ್ತದೆ. ಹೆಡ್ ಫೇಸಿಂಗ್ ಮಾಡಿಸಿ ಸಮ ಮಾಡಬಹುದು, ಆದರೆ ಹಿಂದಿನವರು ಎಷ್ಟು ಸಲ ಕೆತ್ತಿಸಿದ್ದಾರೋ ಯಾರು ಬಲ್ಲರು? ತೀರ ತೆಳುವಾದ ಹೆಡ್ ಮತ್ತೆ ಮತ್ತೆ ಸೊಟ್ಟಗಾಗುತ್ತದೆ.

ಸಿಲಿಂಡರಿನ ಗೋಡೆ ಸಮನಾಗಿ ಸವೆಯುವುದಿಲ್ಲ. ಪಿಸ್ಟನ್ ರಿಂಗ್ ಮೇಲೆ ಹೋಗಿ ತಿರುಗುವ ಜಾಗದಲ್ಲಿ ಹೆಚ್ಚು ಸವೆದು, ಅದರ ಮೇಲೆ ಉಗುರಿಗೆ ಸಿಗುವಷ್ಟು ಅಂಚು ಏಳುತ್ತದೆ. ಅಳತೆ ನೋಡಿ ಬೋರ್ ಮಾಡಿ, ಒಂದು ಸೈಜು ದೊಡ್ಡ ಪಿಸ್ಟನ್ ಹಾಕುವುದು ವಾಡಿಕೆ. ಅಂಬಾಸಿಡರಿನವರು ಇಂಚಿನ ಸಾವಿರದ ಲೆಕ್ಕದಲ್ಲಿ ಹತ್ತು, ಇಪ್ಪತ್ತು, ಮೂವತ್ತು ಎನ್ನುತ್ತಾರೆ. ಫಿಯೆಟ್‌ಗೆ ಮಿಲಿಮೀಟರಿನ ಲೆಕ್ಕ, ಸ್ಪ್ಯಾನರೂ ಬೇರೆ. ಎರಡು ಮೂರು ಬೋರ್ ಆದ ಮೇಲೆ ಗೋಡೆಗೆ ದಮ್ಮಿರುವುದಿಲ್ಲ. ಆಗ ಸ್ಲೀವ್ ಹಾಕಿಸಿ ಮೊದಲಿನ 68ಕ್ಕೆ ತರುತ್ತಾರೆ. ಹಳೆಯ ಲೇತ್ ಅಂಗಡಿಗಳಲ್ಲಿ ಈ ಕೆಲಸವನ್ನು ಇನ್ನೂ ಚೊಕ್ಕವಾಗಿ ಮಾಡುವವರಿದ್ದಾರೆ.

ಪೆಟ್ರೋಲ್ ಕೂಡ ಕಾರಿನ ಜತೆ ನಿಂತಿಲ್ಲ, ಮುಂದೆ ಹೋಗಿದೆ. 2000ದ ಹೊತ್ತಿಗೆ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಆ ಸೀಸ ವಾಲ್ವ್ ಕೂರುವ ಅಂಚಿಗೆ ಮೆತ್ತೆಯಂತಿತ್ತು. ಅಂಬಾಸಿಡರಿನ ಕಬ್ಬಿಣದ ಹೆಡ್ಡಿಗೆ ಆಮೇಲೆ ಗಟ್ಟಿ ಸೀಟ್ ಕೂರಿಸುವುದು ಅಗತ್ಯವಾಯಿತು. ಈಗ ಎಥನಾಲ್. ಶೇ 20 ಎಥನಾಲ್ ಬೆರೆತ ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ವಾರಕ್ಕೊಮ್ಮೆಯೂ ಓಡದ ಕಾರಿನ ಟ್ಯಾಂಕಿನಲ್ಲಿ ನೀರು ಅಡಿಗಿಳಿದು ತುಕ್ಕು ಒಳಗಿನಿಂದ ಶುರುವಾಗುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ, ಕಾರ್ಬುರೇಟರಿನ ವಾಷರುಗಳನ್ನೆಲ್ಲ ಈಗಿನ ಪೆಟ್ರೋಲಿಗೆ ತಡೆಯುವ ರಬ್ಬರಿಗೆ ಬದಲಿಸಬೇಕು. ಇಲ್ಲಿ ‘ಒರಿಜಿನಲ್’ ಹಟ ಹಿಡಿದರೆ ಬಾನೆಟ್ ಕೆಳಗೆ ಬೆಂಕಿ.

ಎಲ್ಲಿ ನಿಲ್ಲಬೇಕು?

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ 2013ರಲ್ಲಿ ಟ್ಯೂರಿನ್ ಸನ್ನದು ಎಂಬುದನ್ನು ಅಂಗೀಕರಿಸಿತು. ಫಿಯೆಟ್ ಹುಟ್ಟಿದ ಊರಿನದೇ ಹೆಸರು. ಅದಕ್ಕೆ ಮಾದರಿಯಾದದ್ದು ಸ್ಮಾರಕಗಳ ಸಂರಕ್ಷಣೆಗಾಗಿ 1964ರಲ್ಲಿ ರೂಪಿಸಿದ ವೆನಿಸ್ ಸನ್ನದು. ಊಹೆ ಶುರುವಾಗುವಲ್ಲಿ ಕೈ ನಿಲ್ಲಿಸು, ಪ್ರತಿ ಕಾಲವೂ ಸೇರಿಸಿದ್ದಕ್ಕೆ ಗೌರವ ಕೊಡು ಎಂಬುದು ಅದರ ತಿರುಳು. ನಮ್ಮಲ್ಲಿ ಜೀರ್ಣೋದ್ಧಾರದ ಹೆಸರಲ್ಲಿ ಹೊಯ್ಸಳರ ಕಂಬಕ್ಕೆ ಎನಾಮಲ್ ಬಣ್ಣ ಬಳಿದು, ಗರ್ಭಗುಡಿಗೆ ಟೈಲ್ಸ್ ಅಂಟಿಸಿದ್ದನ್ನು ಕಂಡವರಿಗೆ ಈ ಮಾತು ವಿವರಿಸಬೇಕಿಲ್ಲ. ಕಾರಿಗೂ ಅದೇ ಆಗುತ್ತಿದೆ. ದುಡ್ಡಿದ್ದವರ ಕೈಗೆ ಸಿಕ್ಕ ಗಟ್ಟಿ ಫಿಯೆಟ್ ವರ್ಷದೊಳಗೆ ಎರಡು ಬಣ್ಣ, ಅಗಲ ಚಕ್ರ, ಎಲ್‌ಇಡಿ ದೀಪ, ಕೆಂಪು ಚರ್ಮದ ಸೀಟಿನ ಕಾರಾಗಿ ಹೊರಬರುತ್ತದೆ.

ಲಾಲ್ ಬಹಾದುರ್ ಶಾಸ್ತ್ರಿ ಪ್ರಧಾನಿಯಾಗಿದ್ದಾಗ ಕೊಂಡ 1964ರ ಫಿಯೆಟ್ ದೆಹಲಿಯ ಅವರ ಸ್ಮಾರಕದಲ್ಲಿದೆ. ಬೆಲೆ 12 ಸಾವಿರ ರೂಪಾಯಿ. ಕೈಯಲ್ಲಿ ಅಷ್ಟಿಲ್ಲದೆ 5 ಸಾವಿರ ಬ್ಯಾಂಕ್ ಸಾಲ ಮಾಡಿದ್ದರು, ಅವರು ತೀರಿಕೊಂಡ ಮೇಲೆ ಪತ್ನಿ ಲಲಿತಾ ಶಾಸ್ತ್ರಿ ಅದನ್ನು ತೀರಿಸಿದರು. ಆ ಕಾರಿಗೆ ಹೊಸ ರೆಕ್ಸಿನ್ ಹಾಕಿ ಮಿರುಗಿಸುವ ಯೋಚನೆ ಯಾರಿಗೂ ಬರದಿರಲಿ. ನಮ್ಮ ಮನೆಯ ಕಾರಿನಲ್ಲಿ ಪ್ರಧಾನಿ ಕೂತಿರುವುದಿಲ್ಲ, ನಿಜ. ಆದರೆ ಬೆವರಿಗೆ ಕಪ್ಪಾದ ಸ್ಟೀರಿಂಗ್, ಡ್ಯಾಶ್‌ಬೋರ್ಡಿಗೆ ಅಂಟಿಸಿದ ಗಣಪತಿ, ಯಾತ್ರೆಗೆಂದು ಮೇಲೆ ಹಾಕಿಸಿದ ಕ್ಯಾರಿಯರ್, ಹಿಂದಿನ ಗಾಜಿನ ಪರದೆ, ಇವೂ ಆ ಕಾರಿನ ಬಾಳೇ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ದೊಡ್ಡ ಸಾಲೇ ಇದೆ. ಅಲ್ಲಿಗೆ ಹೋದಾಗ ಬಣ್ಣ ನೋಡುವ ಬದಲು ಬಗ್ಗಿ ಪೆಡಲುಗಳ ರಬ್ಬರ್ ನೋಡಿ. ಯಾವ ಕಾರು ಎಷ್ಟು ಓಡಿದೆ ಎಂಬುದನ್ನು ಮೀಟರಿಗಿಂತ ಅದು ಚೆನ್ನಾಗಿ ಹೇಳುತ್ತದೆ.

ಹಾಗೆಂದು ನಾನು ಬದಲಾವಣೆಯ ವಿರೋಧಿಯಲ್ಲ. ಹಳೆಯ ಫಿಯೆಟ್‌ಗಳ ಬ್ರೇಕ್ ವ್ಯವಸ್ಥೆ ಒಂದೇ ಕೊಳವೆಯದು. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಅದನ್ನು ಎರಡು ಭಾಗ ಮಾಡಿಸುವುದು, ಸೀಟ್‌ಬೆಲ್ಟ್ ಹಾಕಿಸುವುದು, ರೇಡಿಯಲ್ ಟೈರ್ ಹಾಕುವುದು, ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಇಡುವುದು, ಇದನ್ನೆಲ್ಲ ಮಾಡಿಸಿ. ನನಗೆ ಗೆರೆ ಇರುವುದು ಒಂದೇ ಕಡೆ: ಬೋಲ್ಟ್ ಬಿಚ್ಚಿ ಹಿಂದಿನಂತೆ ಮಾಡಬಹುದಾದ್ದು ಏನೇ ಆಗಲಿ, ಸರಿ, ಗ್ಯಾಸ್ ಕಟ್ಟರ್ ಬೇಕಾಗುವುದು ಬೇಡ. ಕಿತ್ತ ಹಳೆಯ ಸಾಮಾನನ್ನು ಗುಜರಿಗೆ ಹಾಕದೆ ಚೀಟಿ ಅಂಟಿಸಿ ಡಬ್ಬದಲ್ಲಿಡಿ. ಮುಂದೆ ಆ ಕಾರು ಯಾರ ಕೈಗೆ ಹೋಗುತ್ತದೋ, ಅವರಿಗೆ ಬೇಕಾಗಬಹುದು. ಎಂಜಿನ್ ಕಿತ್ತು ಬ್ಯಾಟರಿ-ಮೋಟಾರು ಕೂರಿಸುವವರೂ ಬಂದಿದ್ದಾರೆ. ಅವರಿಗೆ ಕಾರು ಬೇಡ, ಅದರ ಮುಖ ಮಾತ್ರ ಬೇಕು.

ಕಾನೂನೂ ಹೆಚ್ಚು ಕಡಿಮೆ ಇದೇ ಗೆರೆ ಎಳೆಯುತ್ತದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಭಾರಿ ಮಾರ್ಪಾಡು ಇರಬಾರದು. ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ, ನಂಬರಿನ ನಡುವೆ ‘ವಿಎ’ ಎಂಬ ಅಕ್ಷರ. ಆದರೆ ಅಂಥ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ, ಇಷ್ಟಕ್ಕೇ ರಸ್ತೆಗಿಳಿಯಬೇಕು. ಪದ್ಮಿನಿ ಎಂಬ ಹೆಸರು ಹೊತ್ತ ಮೊದಲ ಕಾರುಗಳು ಈಗಷ್ಟೇ ಈ ಐವತ್ತರ ಹೊಸ್ತಿಲು ದಾಟುತ್ತಿವೆ. ನಿಸಾನ್ ಎಂಜಿನ್ ಇಟ್ಟುಕೊಂಡವರಿಗೆ ಆ ಬಾಗಿಲು ಕಷ್ಟ. ಉಳಿದವರಿಗೆ ಹಳೆಯ ನಂಬರ್ ಇಟ್ಟುಕೊಂಡೇ, ಐದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಭಾನುವಾರ ಮಸಾಲೆ ದೋಸೆಗೆ ಹೋಗಿಬರುವ ದಾರಿ ಇದೆ. ನಾನಂತೂ ಅದನ್ನೇ ಆರಿಸಿಕೊಳ್ಳುತ್ತೇನೆ. ಓಡದ ಕಾರು ಬೇಗ ಕೆಡುತ್ತದೆ.

ಖರ್ಚಿನ ಮಾತು ಕೇಳಿಯೇ ಕೇಳುತ್ತೀರಿ. ಮೂಗಿಗಿಂತ ಮೂಗುತಿ ಭಾರ. ಟಿಂಕರಿಂಗ್ ಮತ್ತು ಬಣ್ಣದ ಬಿಲ್ಲೇ ಕಾರು ಕೊಂಡ ದುಡ್ಡನ್ನು ಹಿಂದೆ ಹಾಕುತ್ತದೆ. ಲಾಭಕ್ಕೆಂದು ಈ ಕೆಲಸಕ್ಕೆ ಇಳಿದವರು ಅರ್ಧದಲ್ಲಿ ಮಾರಿಬಿಡುತ್ತಾರೆ. ಬಿಚ್ಚಿಟ್ಟ ಇಂಥ ಅರ್ಧ ಕಾರುಗಳು ಅಗ್ಗಕ್ಕೆ ಸಿಗುತ್ತವೆ, ಆದರೆ ಬೇರೆಯವರು ಬಿಚ್ಚಿದ ಕಾರನ್ನು ಜೋಡಿಸುವ ತಾಪತ್ರಯ ಶತ್ರುವಿಗೂ ಬೇಡ. ಯಾವ ನಟ್ಟು ಎಲ್ಲಿಯದೆಂದು ಬಿಚ್ಚಿದವರಿಗೆ ಮಾತ್ರ ಗೊತ್ತು. ಅವರು ಆಗಲೇ ಊರು ಬಿಟ್ಟಿರುತ್ತಾರೆ.

ಎಲ್ಲ ಮುಗಿದು ಎಂಜಿನ್ ಚಾಲೂ ಆದ ಮೇಲೂ ಗ್ಯಾರೇಜಿನ ಸಂಬಂಧ ಮುಗಿಯುವುದಿಲ್ಲ. ಹೊಸ ರಿಂಗುಗಳು ಗೋಡೆಗೆ ಹೊಂದುವವರೆಗೆ ಎಳೆದಾಡಿಸದೆ, ಒಂದೇ ವೇಗಕ್ಕೆ ಕಟ್ಟಿಹಾಕದೆ ಓಡಿಸಬೇಕು. ಐನೂರು ಕಿಲೋಮೀಟರಿಗೆ ಎಣ್ಣೆ ಬದಲಿಸಿ, ಹೆಡ್ ಬೋಲ್ಟ್ ಮತ್ತೊಮ್ಮೆ ಬಿಗಿಸಿ, ಟ್ಯಾಪೆಟ್ ನೋಡಿಸಬೇಕು. ಮನೆಯವರೆಲ್ಲರಿಗೂ ಹ್ಯಾಂಡ್ ಗೇರ್ ಕಲಿಸಿಡುವುದೂ ಒಳ್ಳೆಯದು. ದೊಡ್ಡ ಹೋಟೆಲಿನ ಬಾಗಿಲಲ್ಲಿ ಕಾರು ನಿಲ್ಲಿಸಲು ಬರುವ ಹುಡುಗರು ಒಳಗೆ ಕೂತು, ನೆಲದಲ್ಲಿ ಗೇರ್ ಹುಡುಕಿ, ಇಳಿದು ಬಂದು ಕೀಲಿಕೈಯನ್ನು ವಾಪಸ್ ಕೊಡುತ್ತಾರೆ: ‘ನೀವೇ ಹಾಕಿಬಿಡಿ ಸಾರ್.’